ಖಾಲಿ ಎಂದು ಒಪ್ಪದ ಸ್ಕ್ರಿಪ್ಟ್

ಗಾಳಿ, ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುವವಳು ನಾನೇ. ಹಲ್ಲಿ ಲೊಚಗುಟ್ಟಿದರೆ ನಮ್ಮವ್ವ ಹೊರಟ ಕೆಲಸ ಬಿಟ್ಟು ಕೂರುತ್ತಿದ್ದಳು. ಹಲ್ಲಿಗೆ ಹಸಿವಾಗಿದೆ ಬಿಡು ಎಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಈಗಲೂ ಹೆಚ್ಚೇನೂ ಬದಲಾಗಿಲ್ಲ. ಆದರೂ ವರ್ಷಗಳ ಹಿಂದಿನ ಒಂದು ಮಧ್ಯಾಹ್ನವನ್ನು ಹಾಗೆ ನಕ್ಕು ತಳ್ಳಿಹಾಕಲು ನನ್ನಿಂದ ಆಗಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಶಹಾಪುರದ ಬಳಿ ಕಾಲುವೆ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಕೃಷ್ಣೆಯ ನೀರು ನಮ್ಮ ಕಡೆಯ ಹೊಲಗಳಿಗೆ ಬರುವುದು ಸರದಿಯ ಮೇಲೆ. ಸರದಿ ಇಲ್ಲದಾಗ ಉಪಕಾಲುವೆಗಳು ಒಣಗಿರುತ್ತವೆ, ಜನ ಅದರಲ್ಲೇ ಓಡಾಡುತ್ತಾರೆ. ಕುರಿಗಾರರಿಗಂತೂ ಅದು ಹೇಳಿ ಮಾಡಿಸಿದ ದಾರಿ. ಎರಡೂ ಬದಿ ಕಾಂಕ್ರೀಟ್ ಇಳಿಜಾರು ಇರುವುದರಿಂದ ಕುರಿ ಯಾರ ಹೊಲಕ್ಕೂ ನುಗ್ಗುವುದಿಲ್ಲ, ಯಾರ ಜೊತೆಗೂ ಜಗಳವಿಲ್ಲ. ಆದರೆ ಒಮ್ಮೆ ಇಳಿದರೆ ಮೆಟ್ಟಿಲು ಇರುವಲ್ಲಿಗೆ ಹೋಗಿಯೇ ಹತ್ತಬೇಕು. ಅಷ್ಟರಲ್ಲಿ ನೀರು ಬಂದರೆ ಕಥೆ ಮುಗಿಯಿತು. ಅದಕ್ಕೇ ನೀರು ಬಿಡುವ ಮುನ್ನ ಗೇಟ್ ಕಾಯುವವನು ಕಾಲುವೆಯ ಉದ್ದಕ್ಕೂ ನೋಡಿ ಬಂದು ತಿಳಿಸಬೇಕಿತ್ತು.

ಆ ವರದಿಗಳನ್ನು ಪರೀಕ್ಷಿಸಲು ನಾನೊಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ಕಂಪ್ಯೂಟರಿಗೆ ಸಾಲಾಗಿ ಕೊಟ್ಟ ಆಜ್ಞೆಗಳು ಎಂದುಕೊಳ್ಳಿ. ಪ್ರತಿ ಉಪಕಾಲುವೆಯಿಂದಲೂ ಒಂದು ಪುಟ್ಟ ಫೈಲ್ ಬರುತ್ತಿತ್ತು, ಅದರೊಳಗೆ 'ಖಾಲಿ' ಎಂಬ ಒಂದೇ ಪದ. ಫೈಲ್ ಬಂದಿದೆಯೇ, ಬಂದಿದ್ದರೆ ಒಳಗೆ ಏನಾದರೂ ಇದೆಯೇ, ಇರುವುದು ಅಕ್ಷರಕ್ಕೆ ಅಕ್ಷರ 'ಖಾಲಿ' ಎಂಬ ಪದವೇ ಎಂದು ಸ್ಕ್ರಿಪ್ಟ್ ನೋಡುತ್ತಿತ್ತು. ಎಲ್ಲವೂ ಹೌದಾದರೆ ಆ ಕಾಲುವೆಗೆ ನೀರು ಬಿಡುವ ಆದೇಶ ಪ್ರಿಂಟರಿನಿಂದ ಹೊರಬರುತ್ತಿತ್ತು, ಅದಕ್ಕೆ ಇಂಜಿನಿಯರ್ ಸಹಿ ಬಿದ್ದರೆ ಗೇಟ್ ಏಳುತ್ತಿತ್ತು. ಚೌಕ ಆವರಣ ಚಿಹ್ನೆಯ ಪಕ್ಕ ಸ್ವಲ್ಪ ಜಾಗ ಬಿಡದಿದ್ದರೂ ಮುನಿಸಿಕೊಳ್ಳುವ ಭಾಷೆ ಅದು, ಹೊಸ ಅಳಿಯನ ಹಾಗೆ. ಆದರೆ ಸರಿಯಾಗಿ ಬರೆದರೆ ಸುಳ್ಳು ಹೇಳುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ.

ಆ ದಿನ ಎಲ್ಲ ಉಪಕಾಲುವೆಗಳೂ ಪಾಸಾದವು, ಸಗರದ ಕಡೆಯದೊಂದನ್ನು ಬಿಟ್ಟು. ಫೈಲ್ ಇದೆ ಎಂದಿತು, ಒಳಗೆ ಪದವೂ ಇದೆ ಎಂದಿತು, ಆದರೆ ಆ ಪದ 'ಖಾಲಿ' ಅಲ್ಲ ಎಂದಿತು. ತೆರೆದು ನೋಡಿದರೆ ಖಾಲಿ ಎಂದೇ ಇದೆ. ಪದದ ಕೊನೆಗೆ ಕಣ್ಣಿಗೆ ಕಾಣದ ಗುರುತೊಂದು ಅಂಟಿಕೊಂಡಿರಬೇಕು ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಬೆಳಗಾದರೆ ಕಾಣುವ ಕಾಯಿಲೆ ಅದು. ಒಂದೊಂದೇ ಬೈಟ್ ಬಿಡಿಸಿ ನೋಡಿದೆ, ಏನೂ ಸಿಗಲಿಲ್ಲ. ಪಾಸಾದ ಇನ್ನೊಂದು ಫೈಲಿನ ಜೊತೆ ಹೋಲಿಸಿದರೆ ಎರಡೂ ಒಂದೇ ಎಂದು ಅದೇ ಕಂಪ್ಯೂಟರ್ ಹೇಳಿತು. ಮತ್ತೆ ಸ್ಕ್ರಿಪ್ಟ್ ಓಡಿಸಿದೆ. ಅಲ್ಲ ಎಂದಿತು.

ಹೊರಗೆ ಅಂಗಳದಲ್ಲಿ ಆ ಕಾಲುವೆಯ ರೈತರು ಕಾದು ಕೂತಿದ್ದರು. ಮೆಣಸಿನಗಿಡ ಹೂ ಬಿಟ್ಟಿದ್ದ ಕಾಲ, ಅವರ ಸಿಟ್ಟು ನ್ಯಾಯವಾದದ್ದೇ. ಗೇಟ್ ಕಾಯುವ ಹಣಮಂತನಿಗೆ ಫೋನ್ ಮಾಡಿದೆ.

"ಮುಂಜಾನಿ ನಾನೇ ಅಡ್ಡಾಡಿ ನೋಡಿ ಬಂದೀನ್ರಿ ಮೇಡಂ. ಒಂದ್ ನಾಯಿ ಸೈತ ಇಲ್ರಿ," ಎಂದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

ಅಷ್ಟರಲ್ಲಿ ಇಂಜಿನಿಯರ್ ಸಾಹೇಬರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. "ಆ ಸಾಲು ತೆಗೆದು ಒಗೀರಿ. ಪದ ಕಣ್ಣಿಗಿ ಕಾಣಾಕತ್ತದಲ್ರಿ, ಇನ್ನೇನ್ ಬೇಕು ನಿಮಗ?"

ನನಗೆ ಕಾರಣ ಬೇಕಿತ್ತು. ಆಗ ನನ್ನ ಕೈ ತಡೆದದ್ದು ಬರೀ ಹಟ, ಅದಕ್ಕೆ ಬೇರೆ ಬಣ್ಣ ಹಚ್ಚುವುದಿಲ್ಲ. ನಾನೇ ಬರೆದ ಸಾಲು ನನಗೇ ಅಡ್ಡ ನಿಂತಿರುವಾಗ ಅದನ್ನು ಅಳಿಸಿ ಗೆದ್ದೆ ಎನ್ನಲು ಮನಸ್ಸು ಒಪ್ಪಲಿಲ್ಲ. "ಕೆನಾಲ್ ನೋಡಿ ಬರ್ತೀನ್ರಿ ಸರ್, ಅಲ್ಲಿತನ ಗೇಟ್ ಎತ್ತಬ್ಯಾಡ್ರಿ," ಎಂದು ಸ್ಕೂಟರ್ ಹತ್ತಿದೆ. ಸಾಹೇಬರು ಹಿಂದಿನಿಂದ ಏನೋ ಕೂಗಿದರು. ಆದೇಶದ ಕಾಗದವೇ ಇಲ್ಲದೆ ಅವರು ಸಹಿ ಹಾಕುವುದಾದರೂ ಎಲ್ಲಿ?

ಕಾಲುವೆಯ ಏರಿಯ ಮೇಲೆ ಬಹಳ ದೂರ ಹೋದರೂ ಕೆಳಗೆ ಏನೂ ಕಾಣಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೂ ಕೊನೆಯ ತನಕ ನೋಡಿಯೇ ತಿರುಗುವುದೆಂದು ಹೊರಟೆ. ಒಂದು ತಿರುವು ದಾಟಿದೆ. ಸೇತುವೆಯ ನೆರಳಲ್ಲಿ ಕಾಲುವೆಯ ತುಂಬ ಕುರಿ. ಅವುಗಳ ನಡುವೆ ಒಬ್ಬ ಮುದುಕಿ ಮಲಗಿದ್ದಳು, ಪಕ್ಕದಲ್ಲಿ ಅವಳ ಸೊಸೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹಣಮಂತ ನೋಡಿ ಹೋದ ಮೇಲೆ ಇಳಿದವರಂತೆ. ಇಳಿಜಾರಿನಲ್ಲೇ ಜಾರಿ ಕೆಳಗಿಳಿದು ಅವರನ್ನು ಎಬ್ಬಿಸಿದೆ.

ಆಮೇಲೆ ಮಾತಿಗೆ ಪುರುಸೊತ್ತು ಇರಲಿಲ್ಲ. ಮೂವರೂ ಸೇರಿ ಕುರಿಗಳನ್ನು ಮೆಟ್ಟಿಲ ತನಕ ಅಟ್ಟಿದೆವು. ಕೂಸನ್ನು ನಾನೇ ಎತ್ತಿಕೊಂಡು ಹತ್ತಿದೆ. ಕೊನೆಯ ಕುರಿ ಮೇಲೆ ಬಂದದ್ದನ್ನು ನೋಡಿ ಕಚೇರಿಗೆ ಫೋನ್ ಮಾಡಿ, ಏನನ್ನೂ ತಿದ್ದದೆ ಸ್ಕ್ರಿಪ್ಟ್ ಇನ್ನೊಮ್ಮೆ ಓಡಿಸಲು ಗುಮಾಸ್ತ ಬಸಣ್ಣನಿಗೆ ಹೇಳಿದೆ. ಪ್ರಿಂಟರಿನ ಸದ್ದು ಫೋನಿನಲ್ಲೇ ಕೇಳಿತು.

"ಆರ್ಡರ್ ಬಂತ್ರಿ ಮೇಡಂ! ಎಲ್ಲಿಂದ ರಿಪೇರಿ ಮಾಡೀರಿ?" ಎಂದ ಬಸಣ್ಣ.

ಮರುದಿನ ಫೈಲನ್ನು ಮತ್ತೆ ನೋಡಿದೆ. ಮುನ್ನಾದಿನ ಬೆಳಿಗ್ಗೆ ಬಂದದ್ದೇ, ಯಾರೂ ಮುಟ್ಟಿರಲಿಲ್ಲ. ಬಲ್ಲವರನ್ನು ಕೇಳಿದರೆ ಯಂತ್ರದ ಮೆಮೊರಿಯಲ್ಲಿ ದೋಷ ಇರಬಹುದು ಎಂದರು. ಇರಬಹುದು. ಆದರೆ ಅದೇ ಯಂತ್ರ ಮುಂದೆ ಬಹಳ ಕಾಲ ನನ್ನ ಕೈಯಲ್ಲೇ ಇತ್ತು, ಇನ್ನೊಮ್ಮೆ ಹಾಗೆ ಮಾಡಲಿಲ್ಲ. ನನ್ನ ಸ್ಕ್ರಿಪ್ಟ್ ಓದುತ್ತಿದ್ದದ್ದು ಫೈಲನ್ನು. ಫೈಲಿನಲ್ಲಿದ್ದದ್ದು ಹಣಮಂತ ಬೆಳಿಗ್ಗೆ ಕಂಡದ್ದು. ಮಧ್ಯಾಹ್ನ ಕಾಲುವೆಯಲ್ಲಿ ಯಾರಿದ್ದಾರೆಂದು ತಿಳಿಯಲು ಅದಕ್ಕೆ ಯಾವ ದಾರಿಯೂ ಇರಲಿಲ್ಲ.

ಆ ಮಧ್ಯಾಹ್ನ, ಬಸಣ್ಣನ ಫೋನ್ ಇಟ್ಟ ಮೇಲೆ ನಾವಿನ್ನೂ ಏರಿಯ ಮೇಲೆ ನಿಂತಿದ್ದಾಗಲೇ ನೀರು ಬಂತು. ಕೆಂಪಗೆ, ಕಸಕಡ್ಡಿ ದೂಡಿಕೊಂಡು ಸೇತುವೆಯ ಕೆಳಗೆ ನುಗ್ಗಿತು. ಸೊಸೆ ಓಡಿ ಬಂದು ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. ಮುದುಕಿ ಮಾತ್ರ ನೀರನ್ನು ನೋಡದೆ ನನ್ನನ್ನೇ ನೋಡುತ್ತಿದ್ದಳು.

"ನಾವ್ ಇಲ್ಲಿ ಅದೀವಂತ ನಿನಗ ಯಾರ್ ಹೇಳ್ಯಾರ ಯವ್ವಾ?"

ನೀರಿನ ಸದ್ದಿಗೆ ಕೇಳಿಸದವಳ ಹಾಗೆ ಸ್ಕೂಟರಿನ ಕಡೆ ತಿರುಗಿದೆ. ಅವಳು ಇಂದು ಎದುರಾಗಿ ಮತ್ತೆ ಅದನ್ನೇ ಕೇಳಿದರೂ ನಾನು ಹಾಗೇ ತಿರುಗಬೇಕಾದೀತು.