ಸುಮನಬಾಯಿ ಮತ್ತು ಸತ್ತಿಯ ಕುಂಚಿಗೆ

ಸುಮನಬಾಯಿಗೆ ಯಾವ ವಸ್ತುವಿನ ಮುಂಬದಿಯೂ ಸಾಲುತ್ತಿರಲಿಲ್ಲ. ಯಾರಾದರೂ ಹೊಸ ಸೀರೆ ತೋರಿಸಿದರೆ ಬಣ್ಣ ನೋಡುವ ಮೊದಲು ಸೆರಗು ತಿರುವಿ ಒಳಬದಿ ನೋಡುವರು. ಬಸ್ಸಿನ ಸೀಟಿನ ಹೊಲಿಗೆ ಬಿಟ್ಟಿದ್ದರೆ ಅದರೊಳಗೆ ಬೆರಳು ಹಾಕಿ, ಏನು ತುಂಬಿದ್ದಾರೆಂದು ತಿಳಿದುಕೊಂಡೇ ಇಳಿಯುವರು. ಒಂದು ಮದುವೆಯಲ್ಲಿ ಮದುಮಗನ ಬಾಸಿಂಗವನ್ನೇ ಹಿಂದಿನಿಂದ ಹಿಡಿದು ನೋಡಲು ಹೋಗಿ ಅವನ ಸೋದರಮಾವನಿಂದ ಬೈಸಿಕೊಂಡಿದ್ದರು.

"ಬೈಲಿ ಬಿಡ. ಒಳಗ ರಟ್ಟ ಹಚ್ಯಾರ. ನಾ ಬೆಂಡ ಅಂತ ತಿಳದಿದ್ನಿ," ಎಂದು ಊಟದ ಪಂಕ್ತಿಯಲ್ಲಿ ನನಗೆ ಹೇಳಿದರು. ಬೈಗುಳ ಅವರಿಗೆ ತಾಕಿದಂತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಮಿರಜದಿಂದ ಬೆಳಗಾವಿಯ ಕಡೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರಾಯಬಾಗದ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದ ನಾನು ಉಗಾರ ಖುರ್ದದಲ್ಲಿ ಹತ್ತುತ್ತಿದ್ದೆ. ಸುಮನಬಾಯಿಯವರದೂ ಉಗಾರವೇ. ಅವರ ತಮ್ಮ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದ. ಮದುವೆಯ ಗೊಡವೆಗೆ ಹೋಗದ ಅಕ್ಕ ಅವನ ಸಂಸಾರದ ಜೊತೆಗೇ ಇದ್ದು, ದಿನಾ ಚಿಂಚಲಿಯ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಐವತ್ತು ದಾಟಿದ, ಎತ್ತರದ, ಎಲುಬು ಕಾಣುವ ಮೈ. ಎಡಗೈಯ ಬೆರಳುಗಳಿಗೆ ಬಿಳಿ ದಾರ ಸುತ್ತಿರುತ್ತಿತ್ತು. ಬಲಗೈಯಲ್ಲಿ ದೋಣಿಯಾಕಾರದ ಪುಟ್ಟ ಶಟಲ್. ಅದು ದಾರದ ಕೆಳಗೊಮ್ಮೆ ಮೇಲೊಮ್ಮೆ ನುಸುಳಿ ಟಿಕ್ ಟಿಕ್ ಎನ್ನುತ್ತಿತ್ತು. ನಮ್ಮ ಮನೆಯಲ್ಲಿ ಕ್ರೋಶಾ ಹಾಕುವುದನ್ನು ನೋಡಿದ್ದೆ. ಇದು ಬೇರೆ. ಇದಕ್ಕೆ ಟ್ಯಾಟಿಂಗ್ ಅನ್ನುತ್ತಾರೆಂದೂ, ಬರೀ ಗಂಟುಗಳಿಂದಲೇ ಲೇಸು ಕಟ್ಟುತ್ತಾರೆಂದೂ ಆಮೇಲೆ ತಿಳಿಯಿತು.

ಅಂದು ಅವರು ನನ್ನ ಮುಖವನ್ನೂ ನೋಡದೆ ಬ್ಲೌಸಿನ ತೋಳಿನ ಅಂಚಿನ ಲೇಸನ್ನು ಹಿಡಿದು ತಿರುವಿದರು.

"ಮಶೀನಿಂದು," ಎಂದು ನಿರಾಸೆಯಿಂದ ಬಿಟ್ಟರು. ಆಮೇಲೆ ಕೇಳಿದರು, "ಯಾವೂರ ನಿಂದು? ಕಲಿತೀಯೇನ?"

ಹೀಗೆ ಸಿಕ್ಕಿಬಿದ್ದವಳು ನಾನೊಬ್ಬಳೇ ಅಲ್ಲ. ಬ್ಯಾಂಕಿನ ಗೀತಾ, ಕುಡಚಿಯಲ್ಲಿ ಹತ್ತುತ್ತಿದ್ದ ಶಬಾನಾ, ಇನ್ನೂ ನಾಲ್ಕಾರು ಜನ ಆ ಬೋಗಿಯಲ್ಲಿ ಎದುರುಬದುರು ಸೀಟು ಹಿಡಿದು ಕೂರುತ್ತಿದ್ದೆವು. ನಮಗೆ ಪುಸ್ತಕವಿರಲಿಲ್ಲ. ಒಬ್ಬಳು ಕರವಸ್ತ್ರದ ಅಂಚಿಗೆ ಹೊಸ ಹೂವು ಹಾಕಿದರೆ ಅದು ಇನ್ನೊಬ್ಬಳ ಚೀಲದಲ್ಲಿ ಅವಳ ಮನೆಗೆ ಹೋಗಿ, ಅಲ್ಲಿಂದ ಮತ್ತೊಬ್ಬಳ ಮನೆಗೆ ಹೋಗಿ, ಹಿಂದಿರುಗುವಾಗ ತನ್ನಂಥದೇ ಒಂದೆರಡನ್ನು ಕರೆದುಕೊಂಡು ಬರುತ್ತಿತ್ತು. ಕಾಯಿಪಲ್ಲೆ ಬುಟ್ಟಿಯವರು ನಮ್ಮನ್ನು 'ದಾರದ ಮಂದಿ' ಅನ್ನುತ್ತಿದ್ದರು.

ನನಗೆ ಮಾತ್ರ ಬಹಳ ದಿನ ಬರಲಿಲ್ಲ. ಟ್ಯಾಟಿಂಗಿನಲ್ಲಿ ಗಂಟನ್ನು ಬಲಗೈಯ ದಾರದಿಂದ ಎಡಗೈಯ ದಾರಕ್ಕೆ ಹೊರಳಿಸಬೇಕು. ಹೊರಳಿದರೆ ಗಂಟುಗಳು ಮಣಿಗಳಂತೆ ಸರಿಯುತ್ತವೆ, ಎಳೆದರೆ ಉಂಗುರವಾಗುತ್ತದೆ. ಹೊರಳದಿದ್ದರೆ ಅಲ್ಲೇ ಬಿಗಿದು ಕೂತುಬಿಡುತ್ತದೆ. ನನ್ನ ಗಂಟುಗಳೆಲ್ಲ ಕೂತುಬಿಡುವ ಜಾತಿಯವು. ಒಂದು ದಿನ ಬೇಸತ್ತು ಬಿಚ್ಚಲು ಹೊರಟಾಗ ಸುಮನಬಾಯಿ ಕೈ ಹಿಡಿದರು.

"ತಡಿ. ಈಗ ಹ್ಯಾಂಗ ತಪ್ಪ ಮಾಡಿದಿ, ಅದನ್ನ ಇನ್ನೊಮ್ಮೆ ಮಾಡಿ ತೋರಸು."

"ತಪ್ಪು ಯಾಕ ತೋರಸಬೇಕ್ರಿ?"

"ನನಗ ಹಂಗ ಎಂದೂ ಆಗಿಲ್ಲವಾ. ಹ್ಯಾಂಗ ಆಕ್ಕೈತಿ ಅಂತ ನೋಡ್ಬೇಕಾಗೇತಿ."

ಬೇಕೆಂದೇ ತಪ್ಪು ಮಾಡಲು ಹೋದೆ. ತಪ್ಪೇ ಆಗಬೇಕಾದ್ದರಿಂದ ಹೆದರಿಕೆಯಿರಲಿಲ್ಲ, ಬೆರಳು ಸಡಿಲಾಯಿತು. ಗಂಟು ತಾನಾಗಿ ಹೊರಳಿತು. ಅಕ್ಕಪಕ್ಕದವರು ಭೇಷ್ ಅಂದರು. ಸುಮನಬಾಯಿಯ ಮುಖ ಸಪ್ಪಗಾಯಿತು.

"ಅಯ್ಯ, ಬರೋಬ್ಬರಿ ಬಂದಬಿಡ್ತು. ಈಗ ತಪ್ಪ ಎಲ್ಲಿಂದ ತರೂದು?"

ಕಲಿಸಿದೆನೆಂಬ ಹೆಮ್ಮೆ ಅವರಲ್ಲಿ ನಾನು ಎಂದೂ ಕಾಣಲಿಲ್ಲ. ಅವರಿಗೆ ಬೇಕಿದ್ದುದು ಆ ಸಂಗತಿ ಹೇಗಾಗುತ್ತದೆ ಎಂಬುದಷ್ಟೇ.

ಕುಂಚಿಗೆಯ ಪ್ರಸಂಗ ನಡೆದದ್ದು ಅದಾದ ಮೇಲಿನ ಒಂದು ಚಳಿಗಾಲದಲ್ಲಿ. ಸಂಜೆಯ ರೈಲಿನಲ್ಲಿ ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸೊಬ್ಬಳು ಗಂಟು ಹೊತ್ತು ಹತ್ತಿದಳು. ಗಂಟಿನ ಬಾಯಿಂದ ಕೆಂಪು ಖಣದ ಬಟ್ಟೆಯ ತುಂಡೊಂದು ಇಣುಕಿತ್ತು. ಅದರ ಅಂಚಿಗೆ ಬಿಳಿ ಲೇಸು. ಸುಮನಬಾಯಿ ಕೇಳದೆಯೇ ಎಳೆದರು. ಕೂಸಿನ ತಲೆಗೆ ಕಟ್ಟಿದರೆ ಬೆನ್ನಿನವರೆಗೂ ಇಳಿಬೀಳುವ ಕುಂಚಿಗೆ ಅದು. ಸುತ್ತ ಟ್ಯಾಟಿಂಗ್. ತಿರುವಿದರು, ಕಿಟಕಿಯ ಬೆಳಕಿಗೆ ಹಿಡಿದರು, ಮತ್ತೆ ತಿರುವಿದರು. ಆಮೇಲೆ ಮೈಮೇಲಿನ ಸ್ವೆಟರ್ ಬಿಚ್ಚಿ ಆ ಹೆಂಗಸಿನ ಮಡಿಲಿಗೆ ಹಾಕಿ ಕುಂಚಿಗೆಯನ್ನು ಚೀಲಕ್ಕೆ ಸೇರಿಸಿದರು.

ಮರುದಿನ ನಮ್ಮೆಲ್ಲರ ಮುಂದೆ ಅದನ್ನು ಹರಡಿದರು. "ಇದು ಒಬ್ಬರ ಕೈ ಅಲ್ಲ. ಉಂಗುರದಾಗಿನ ಗಂಟ ನೋಡ್ರಿ, ಹಲ್ಲ ಕಚ್ಚಿ ಹಾಕಿದಂಗ. ಉಂಗುರಕ್ಕ ಉಂಗುರ ಕೂಡಸೂ ಸರಪಳಿ ನೋಡ್ರಿ, ಹಾಡಕೋತ ಹಾಕಿದಂಗ."

"ಒಬ್ಬಾಕೀನ ಇರಬೇಕ್ರಿ, ಒಮ್ಮೆ ಸಿಟ್ಟು, ಒಮ್ಮೆ ಖುಷಿ," ಎಂದಳು ಗೀತಾ.

"ಪ್ರತಿ ಉಂಗುರಕ್ಕ ಸಿಟ್ಟು ಬರತೈತೇನ? ಮತ್ತ ದಾರ ಎಲ್ಲೂ ಕಡದಿಲ್ಲ. ಇಬ್ಬರ ಕೈ, ಒಂದ ದಾರ."

ನಾನು ಮತ್ತು ಸುಮನಬಾಯಿ ಹಾಗೆ ಮಾಡಿ ನೋಡಿದೆವು. ನಾನು ಉಂಗುರ ಮುಗಿಸಿ ಅವರ ಕೈಗೆ ದಾಟಿಸುವಷ್ಟರಲ್ಲಿ ದಾರ ಸಡಿಲಾಗಿ, ಉಂಗುರಕ್ಕೂ ಸರಪಳಿಗೂ ನಡುವೆ ಹಲ್ಲು ಬಿದ್ದ ಸಂದಿಯಂಥ ತೆರಪು ಉಳಿಯುತ್ತಿತ್ತು. ಕುಂಚಿಗೆಯಲ್ಲಿ ಅಂಥ ತೆರಪು ಒಂದೂ ಇರಲಿಲ್ಲ. ಶಬಾನಾ ಮಾಡಿದಳು, ಗೀತಾ ಮಾಡಿದಳು. ಯಾರು ಮಾಡಿದರೂ ಸಂದಿ. ಚಳಿಗಾಲವೆಲ್ಲ ಆ ಬೋಗಿಯಲ್ಲಿ ಇದೇ ಮಾತು. ಕೊನೆಗೊಂದು ಸಂಜೆ ಪಾತ್ರೆಯವಳು ಮತ್ತೆ ಸಿಕ್ಕಳು. ಅಥಣಿಯ ಕಡೆಯ ಸತ್ತಿಯಲ್ಲಿ, ಹೊಳೆಯ ಬದಿಯ ಓಣಿಯಲ್ಲಿ, ದೊಡ್ಡ ಬೇವಿನ ಗಿಡದ ಎದುರಿನ ಮನೆಯವರು ಕೊಟ್ಟದ್ದೆಂದು ನೆನಪಿಸಿಕೊಂಡು ಹೇಳಿದಳು.

ಮುಂದಿನ ಭಾನುವಾರ ಸುಮನಬಾಯಿ ಬುದ್ಧವಿಹಾರದಲ್ಲಿ ವಂದನೆ ಮುಗಿಸಿ ನೇರ ನಮ್ಮ ಮನೆಗೆ ಬಂದರು. ಅಥಣಿಗೊಂದು ಬಸ್ಸು, ಅಲ್ಲಿಂದ ಸತ್ತಿಗೊಂದು. ಬೇವಿನ ಗಿಡದ ಎದುರಿನದು ಒಂದು ಕಾಲಕ್ಕೆ ಒಂದೇ ಮನೆ. ಈಗ ಅಂಗಳದ ನಡುವೆ ಎದೆಮಟ್ಟದ ಇಟ್ಟಿಗೆಯ ಗೋಡೆ ಎದ್ದು ಎರಡು ಬಾಗಿಲಾಗಿತ್ತು. ಒಂದು ಕಡೆ ಕಾಶವ್ವ ಎಂಬ ಹೆಂಗಸು ಎಮ್ಮೆಗೆ ಮೇವು ಹಾಕುತ್ತಿದ್ದಳು. ಸುಮನಬಾಯಿ ನಮಸ್ಕಾರವನ್ನೂ ಮುಗಿಸದೆ ಕುಂಚಿಗೆ ತೆಗೆದರು.

ಕಾಶವ್ವನ ಕೈಯ ಮೇವು ಕೆಳಗೆ ಬಿತ್ತು. "ಇದು ನಿಮ್ಮ ಕೈಯಾಗ ಹ್ಯಾಂಗ ಬಂತ್ರಿ?"

"ಹಳಿ ಅರಬಿಗಿ ಬಾಂಡೆ ಕೊಡೂ ಬಾಂಡೆದಾಕಿ ಹಂತ್ಯಾಕ ಸಿಕ್ತು. ನೀವ ಮಾಡೀರೇನ್ರಿ?"

ಕಾಶವ್ವ ಗೋಡೆಯ ಕಡೆ ತಿರುಗಿ, "ಕೂಸಿನ ಕುಂಚಿಗಿ ಬಾಂಡೆದಾಕಿಗಿ ಕೊಟ್ಟಾರಂತ ನೋಡ್ರಿ," ಎಂದು ಗಾಳಿಗೆ ಹೇಳಿದಂತೆ ಹೇಳಿದಳು.

ಗೋಡೆಯ ಆಚೆಯಿಂದ ಇನ್ನೊಂದು ಧ್ವನಿ ಬಂತು. "'ನನ್ನ ಕೈಯಿಂದೊಂದೂ ನಿಮ್ಮ ಮನ್ಯಾಗ ಇರಬಾರದು' ಅಂದವರ ಯಾರಂತ ಕೇಳ್ರಿ ಅಲ್ಲೆ." ಆ ಮಾತಿನ ಹಿಂದೆಯೇ ಹೆಂಗಸೊಬ್ಬಳು ಗೋಡೆಯ ಬಳಿ ಬಂದು ನಿಂತಳು. ಕಾಶವ್ವನಿಗಿಂತ ಚಿಕ್ಕವಳು. ಕುಂಚಿಗೆಯನ್ನು ಕಂಡು ಮುಖ ಬೇರೆ ಕಡೆ ಮಾಡಿದಳು.

ಇಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು. ಚಿಕ್ಕವಳು ರತ್ನವ್ವ. ಟ್ಯಾಟಿಂಗನ್ನು ತವರಿನಿಂದ ಕಲಿತು ತಂದವಳು ಅವಳೇ. ಕಾಶವ್ವನಿಗೆ ಮಕ್ಕಳಾಗಲಿಲ್ಲ. ರತ್ನವ್ವನಿಗೆ ಆ ಮನೆಯ ಮೊದಲ ಕೂಸು ಹುಟ್ಟುವ ಮುಂಚೆ, ಕುಂಚಿಗೆಯಲ್ಲಿ ತನ್ನ ಕೈಯೂ ಇರಲೇಬೇಕೆಂದು ಕಾಶವ್ವ ಹಟ ಹಿಡಿದು ಉಂಗುರ ಮಾಡುವುದೊಂದನ್ನು ಕಲಿತಿದ್ದಳಂತೆ. ಆ ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಎಮ್ಮೆ ಯಾರಿಗೆ ಎಂದು ಎದ್ದ ಮಾತು ಹೆಂಗಸರ ನಡುವೆ ಬೆಳೆದು, ಗೋಡೆ ಕಟ್ಟಿದ ಮೇಲೂ ನಿಂತಿರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಅಂದು ನನಗೆ ಕಂಡದ್ದು ಬೆಂಕಿಗೆ ಕೈ ಹಾಕಿದ್ದೇವೆ ಎಂಬುದಷ್ಟೇ. ಸುಮನಬಾಯಿಯ ಸೆರಗು ಜಗ್ಗಿ, ಹೋಗೋಣ ಎಂದೆ.

ಅವರ ಮುಖದಲ್ಲಿ ಆನಂದ ತುಂಬಿತ್ತು. "ಇಬ್ಬರೂ ಅದಾರಲ್ಲ," ಎಂದರು ನನಗೆ. ಆಮೇಲೆ ಅವರಿಬ್ಬರಿಗೆ, "ಅದೆಲ್ಲಾ ಇರ್ಲಿರಿ. ಈ ಜಾಗಾದಾಗ ದಾರ ಹ್ಯಾಂಗ ದಾಟಸಿದ್ರಿ, ಅದನ್ನಷ್ಟ ತೋರಸ್ರಿ. ಚಳಿಗಾಲೆಲ್ಲಾ ನಿದ್ದಿ ಇಲ್ಲ ನನಗ."

"ಅದು ಅಕೀಗೆ ಗೊತ್ತು," ಎಂದಳು ಕಾಶವ್ವ.

"ಉಂಗುರ ಅವರದು. ಅವರನ್ನ ಕೇಳ್ರಿ," ಎಂದಳು ರತ್ನವ್ವ.

ಸುಮನಬಾಯಿ ಚೀಲದಿಂದ ಶಟಲ್ ತೆಗೆದು ಕಾಶವ್ವನ ಕೈಗಿಟ್ಟರು. ದಾರದ ಉಂಡೆಯನ್ನು ಗೋಡೆಯ ಮೇಲಿಟ್ಟರು. ಕಾಶವ್ವ ಶಟಲನ್ನು ಒಮ್ಮೆ ಸೆರಗಿಗೆ ಒರೆಸಿ, ಗೋಡೆಗೆ ಮೊಳಕೈ ಊರಿ ಉಂಗುರ ಹಾಕತೊಡಗಿದಳು. ನಿಜಕ್ಕೂ ಹಲ್ಲು ಕಚ್ಚಿಯೇ ಹಾಕುತ್ತಿದ್ದಳು. ಉಂಗುರ ಮುಚ್ಚಿ, ಅದರ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತಳು.

"ಈಗ?" ಎಂದರು ಸುಮನಬಾಯಿ.

"ಈಗ ಅಕಿ ಹಿಡೀಬೇಕ್ರಿ."

"ಬಿಡಾಕ ಹೇಳ್ರಿ ಅವರಿಗೆ, ಹಿಡೀತೀನಿ," ಎಂದಳು ರತ್ನವ್ವ.

"ಬಿಟ್ರ ಸಂದಿ ಬೀಳತೈತಿ ಅಂತ ಅಕೀಗೆ ಗೊತ್ತಿಲ್ಲೇನ್ರಿ?"

ಎಮ್ಮೆ ಮೇವು ಜಗಿಯುವುದು ಕೇಳುತ್ತಿತ್ತು. ರತ್ನವ್ವ ಗೋಡೆಯ ಮೇಲಿಂದ ಕೈ ಚಾಚಿ, ತನ್ನ ಹೆಬ್ಬೆರಳನ್ನು ಕಾಶವ್ವನ ಹೆಬ್ಬೆರಳಿನ ಮೇಲೆ ಒತ್ತಿದಳು. ಕಾಶವ್ವ ತನ್ನದನ್ನು ಕೆಳಗಿನಿಂದ ಮೆಲ್ಲಗೆ ಜಾರಿಸಿ ತೆಗೆದಳು. ದಾರಕ್ಕೆ ಸಡಿಲಾಗುವ ಹೊತ್ತೇ ಸಿಗಲಿಲ್ಲ. ರತ್ನವ್ವ ಉಂಡೆಯ ದಾರವನ್ನು ಬೆರಳಿಗೆ ಸುತ್ತಿ ಸರಪಳಿ ಶುರು ಮಾಡಿದಳು. ಮೊದಲ ಗಂಟು ಬಿಗಿಯಾಯಿತು.

"ಜಗ್ಗಬ್ಯಾಡ," ಎಂದಳು ಕಾಶವ್ವ.

ನಮಗೆ ಹೇಳಿದ್ದಲ್ಲ ಅದು. ರತ್ನವ್ವ ತಲೆ ಎತ್ತಲಿಲ್ಲ. "ಹೂಂ," ಎಂದಳು.

ಸುಮನಬಾಯಿ ಗೋಡೆಗೆ ಗಲ್ಲ ಹಚ್ಚಿ, ಆ ಬೆರಳುಗಳನ್ನು ಕೆಳಗಿನಿಂದ ನೋಡುತ್ತಿದ್ದರು. "ಇನ್ನೊಮ್ಮೆ," ಎಂದರು. ಇಬ್ಬರೂ ಇನ್ನೊಮ್ಮೆ ಮಾಡಿದರು. "ಈಗ ಜರಾ ಸಾವಕಾಶ." ಅದೂ ಆಯಿತು. ಹೊರಡುವಾಗ ಕುಂಚಿಗೆಯನ್ನು ಯಾರಿಗೆ ಕೊಡಲಿ ಎಂದು ಸುಮನಬಾಯಿ ಕೇಳಿದರು. "ಅಕಿ ಮಗಳದು," ಎಂದು ಕಾಶವ್ವ ಒಳಗೆ ಹೋದಳು. ರತ್ನವ್ವ ಅದನ್ನು ತೆಗೆದುಕೊಂಡು ಮಡಚಿ ಹೊಟ್ಟೆಗೆ ಅವುಚಿಕೊಂಡಳು. ನಮಗೆ ಚಹಾ ಎರಡೂ ಮನೆಯಿಂದ ಬಂತು.

ಬಸ್ಸಿನಲ್ಲಿ ನಾನು, "ನಿಮ್ಮಿಂದ ಎರಡ ಮನಿ ಕೂಡಿದಂಗಾತ್ರಿ," ಎಂದೆ.

"ಎಲ್ಲಿ ಕೂಡ್ತು? ಗ್ವಾಡಿ ಹಂಗ ಐತಿ," ಎಂದರು ಸುಮನಬಾಯಿ. ಅವರ ಒಂದು ಹೆಬ್ಬೆರಳು ಇನ್ನೊಂದರ ಕೆಳಗಿನಿಂದ ಜಾರುತ್ತಿತ್ತು. "ಬೆರಳ ಮ್ಯಾಲ ಬೆರಳ ಇಡೂದು ನಮಗ್ಯಾಕ ಹೊಳೀಲಿಲ್ಲ?"

ಗೋಡೆ ಬೀಳಲಿಲ್ಲ, ಅದು ನಿಜ. ಆದರೆ ಕೆಲವು ವರ್ಷಗಳ ಮೇಲೆ, ನಾವೆಲ್ಲ ವರ್ಗಾವಣೆಯಾಗಿ ಒಬ್ಬೊಬ್ಬರು ಒಂದೊಂದು ಊರಿಗೆ ಚದುರಿದಾಗ, ನಿಪ್ಪಾಣಿಗೆ ಹೋಗಿದ್ದ ಗೀತಾ ವಾಟ್ಸಾಪ್ ಗುಂಪು ಮಾಡಿದಳು. ಚಿಕ್ಕೋಡಿ, ಕಾಗವಾಡದ ಕಡೆಯಿಂದಲೂ ಹೆಂಗಸರು ಸೇರಿದರು. ತೋರಣ, ರುಮಾಲು, ಕೊರಳಪಟ್ಟಿ ಎಂದು ದಿನಾ ಫೋಟೋಗಳು ಬರುತ್ತಿದ್ದವು. ನಿವೃತ್ತರಾಗಿದ್ದ ಸುಮನಬಾಯಿ ಚೆಂದವಿದೆ ಎಂದು ಬರೆದವರಲ್ಲ. ಎಲ್ಲದಕ್ಕೂ ಒಂದೇ ಉತ್ತರ: "ಹಿಂದಿನ ಬಾಜೂದು ಫೋಟೋ ಹಾಕ್ರಿ." ಒಂದು ದಿನ ಸತ್ತಿಯ ರತ್ನವ್ವನ ಫೋನಿನಿಂದ ದೇವರ ಮಂಟಪಕ್ಕೆ ಹಾಕುವ ಉದ್ದನೆಯ ಲೇಸಿನ ಫೋಟೋ ಬಂತು. ಕೆಳಗೆ ಹೀಗೆ ಬರೆದಿತ್ತು: "ಉಂಗುರ ಅಕ್ಕನವು, ಸರಪಳಿ ನಂದು." ಕೇಳುವ ಮೊದಲೇ ಹಿಂಬದಿಯ ಫೋಟೋವನ್ನೂ ಹಾಕಿದ್ದಳು.

ಸುಮನಬಾಯಿಗೆ ಹೃದಯದ ತೊಂದರೆ ಶುರುವಾಗಿ ಮಿರಜದ ಆಸ್ಪತ್ರೆಗೆ ಸೇರಿಸಿದಾಗ ನಾನು ನೋಡಲು ಹೋದೆ. ಮಂಚದ ಮೇಲೆ ಅವರಿರಲಿಲ್ಲ. ಪಕ್ಕದ ಮಂಚದ ತುದಿಯಲ್ಲಿ ಕುಳಿತಿದ್ದರು. ಆ ಮಂಚದವಳು ಗಂಗವ್ವ. ಕೃಷ್ಣೆಯ ದಂಡೆಯ ಮೀನುಗಾರರ ಮನೆಯವಳು, ಕಾಲು ಮುರಿದು ಮಲಗಿದ್ದಳು. ಸುಮ್ಮನೆ ಮಲಗಲಾಗದೆ ಮನೆಯಿಂದ ನೂಲು ತರಿಸಿಕೊಂಡು ಬಲೆ ಹೆಣೆಯುತ್ತಿದ್ದಳು.

"ಸವಿತಾ, ಇಲ್ಲಿ ಬಾ," ಎಂದರು ಸುಮನಬಾಯಿ. ನನ್ನ ಕೈಯ ಹಣ್ಣಿನ ಚೀಲದ ಕಡೆ ನೋಡಲೂ ಇಲ್ಲ. "ಇವರು ಗಂಟ ಹಾಕಿ ಎಳೀತಾರ, ಆದ್ರ ಬಲಿ ಕಣ್ಣ ಮುಚ್ಚಂಗಿಲ್ಲ. ತೆರದ ಇರತೈತಿ. ಮೀನ ಜಗ್ಗಿದ್ರೂ ಸರಿಯಂಗಿಲ್ಲಂತ. ಯಾಕ ಸರಿಯಂಗಿಲ್ಲ?"

"ಡಾಕ್ಟರ್ ಮಲಗಿರ್ರಿ ಅಂದಾರಂತ."

"ಮಲಗ್ತೀನಿ. ಮದಲ ಇದನ್ನ ನೋಡು."

ನಾನು ಹೊರಡುವವರೆಗೂ ಅವರು ಆ ಗಂಟನ್ನೇ ನೋಡುತ್ತಿದ್ದರು. ಬಾಗಿಲಿನಿಂದ ಹೋಗಿ ಬರುತ್ತೇನೆ ಎಂದಾಗ, ತಲೆ ಎತ್ತದೆ ಕೈಯನ್ನಷ್ಟೇ ಆಡಿಸಿದರು.

ಆ ವಾರವೇ ಅವರು ತೀರಿಕೊಂಡರು. ಉಗಾರದಲ್ಲಿ ಎಲ್ಲ ಮುಗಿದ ಮೇಲೆ ಅವರ ತಮ್ಮ, ಅಕ್ಕನ ಚೀಲವೊಂದು ಆಸ್ಪತ್ರೆಯಲ್ಲೇ ಉಳಿದಿದೆ, ಮಿರಜಕ್ಕೆ ಹೋದರೆ ತರುತ್ತೀರಾ ಎಂದು ಕೇಳಿದ. ಹೋದೆ. ಅವರ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಚೀಲವನ್ನು ಗಂಗವ್ವ ತನ್ನ ತಲೆದಿಂಬಿನ ಪಕ್ಕದಲ್ಲಿ ಕಾಯ್ದಿಟ್ಟಿದ್ದಳು. ತೆಗೆದುಕೊಂಡು ತಿರುಗಿದಾಗ ಅವಳು ಕರೆದಳು.

"ಬಾಯಾರು ಒಂದ ಕೇಳಾಕತ್ತಿದ್ರು. ಗಂಟು ಯಾಕ ಸರಿಯಂಗಿಲ್ಲ ಅಂತ. ನಾಳಿ ತೋರಸ್ತೀನಿ ಅಂದಿದ್ನಿ." ಬಲೆಯ ತುಂಡನ್ನು ಹೊದಿಕೆಯ ಕೆಳಗಿನಿಂದ ಎಳೆದು ತೊಡೆಯ ಮೇಲೆ ಹರಡಿದಳು. "ನಿಮಗ ಹೊತ್ತ ಐತೇನ್ರಿ?"

ನಾನು ಚೀಲವನ್ನು ಕೆಳಗಿಟ್ಟು, ಅವಳ ಮಂಚದ ತುದಿಯಲ್ಲಿ ಕುಳಿತೆ. ಅವಳು ನೂಲಿನ ತುದಿಯನ್ನು ನನ್ನ ಬೆರಳಿಗೆ ಸುತ್ತಿದಳು.