ಒಂದು ಲಕ್ಷದ ಒಂದು

ನಮ್ಮ ಕಡೆ ಯಾವ ಎಣಿಕೆಯನ್ನೂ ಸೊನ್ನೆಗೆ ನಿಲ್ಲಿಸುವುದಿಲ್ಲ. ಮೇಲೊಂದು ಸೇರಿಸಿದರೇ ಸಮಾಧಾನ. ಅದಕ್ಕೇ ಅವ್ವ ಶಿವಮಂತ್ರವನ್ನು ಒಂದು ಲಕ್ಷದ ಒಂದು ಸಲ ಬರೆಯುವ ಹರಕೆ ಹೊತ್ತಿದ್ದಳು. ಕಟಕೋಳಕ್ಕೆ ಕೊಟ್ಟ ನನ್ನ ತಂಗಿಗೆ ಎರಡು ಸಲ ಬಸಿರಾಗಿ ಎರಡೂ ಉಳಿದಿರಲಿಲ್ಲ. ಈಗ ಮೂರನೆಯದು. ಏಳು ತಿಂಗಳು ತುಂಬಿದ್ದೇ ಅವಳನ್ನು ಬೈಲಹೊಂಗಲಕ್ಕೆ ಕರೆತಂದಿದ್ದೆವು.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಗಣಿತ ಹೇಳುವವನು. ಅಂದರೆ, ಯಾರೂ ಕೇಳದಿದ್ದರೂ ಹೇಳುವವನು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಅವರ ಗಾಡಿ ನಂಬರಿನ ಅಪವರ್ತನ ಬಿಡಿಸಿ ಹೇಳಿ, ಅವರು ಹೋಳಿಗೆ ಬರುವ ಮೊದಲೇ ಎದ್ದು ಹೋಗುವಂತೆ ಮಾಡಿದ ಕೀರ್ತಿ ನನಗಿದೆ.

ಅವತ್ತು ಮಧ್ಯಾಹ್ನ ಅವ್ವ ಕೊನೆಯ ಮಂತ್ರ ಬರೆದು ಮುಗಿಸಿದಳು. ವಹಿಗಳನ್ನೆಲ್ಲ ಗಂಟು ಕಟ್ಟಿ, ಮೇಲೆ ವಿಭೂತಿ ಹಚ್ಚಿ, "ಮುರಗೋಡದ ಮಠಕ್ಕ ಮುಟ್ಟಿಸಿದ್ರ ಆತು. ಇದು ಯಾರಿಗೂ ಮುರಿಯಾಕ ಬರದ ಸಂಖ್ಯೆ," ಎಂದಳು.

ಮುರಿಯಲು ಬರದ ಸಂಖ್ಯೆ! ನನ್ನ ವಿದ್ಯೆ ಮೈಮೇಲೆ ಬಂತು.

"ಯಾರ ಹೇಳ್ಯಾರಬೇ ನಿನಗ? ಹನ್ನೊಂದರಿಂದ ಭಾಗಿಸಿ ನೋಡು. ಒಂಬತ್ತು ಸಾವಿರದ ತೊಂಬತ್ತೊಂದು ಸಲ ಹೋಗ್ತೈತಿ. ಏನೂ ಉಳಿಯೂದಿಲ್ಲ."

ಗೋಡೆಗೆ ಒರಗಿ ಕುಳಿತಿದ್ದ ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಏನೂ ಉಳಿಯೂದಿಲ್ಲೇನಣ್ಣಾ?"

ಗಣಿತದ ಮಟ್ಟಿಗೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇದನ್ನೂ ಬಾಯಿಬಿಟ್ಟು ಹೇಳಿದೆ ಎಂಬುದು ನನ್ನ ಬುದ್ಧಿಯ ಅಳತೆ.

"ಬಾಯಿ ಮುಚ್ಚಲೇ ಮಾಸ್ತರಾ," ಎಂದಳು ಅವ್ವ. "ಭಾಳ ಶ್ಯಾಣ್ಯಾ ಅದಿ. ಮುರಿಯದ್ದು ಯಾವುದೈತಿ, ಈಗ ನೀನ ಹುಡುಕಿ ಕೊಡು."

ನನಗೆ ನಾಚಿಕೆಯಾಯಿತು. ತಂಗಿಯ ಮುಖ ನೋಡಿ ಹೆದರಿಕೆಯೂ ಆಯಿತು. ಲಕ್ಷ ದಾಟಿದ ಮೇಲೆ ಸಿಗುವ ಮೊದಲ ಅವಿಭಾಜ್ಯ ಸಂಖ್ಯೆ ಒಂದು ಲಕ್ಷದ ಮೂರು ಎಂದು ಪುಣ್ಯಕ್ಕೆ ನೆನಪಿತ್ತು. "ಇನ್ನೆರಡ ಸಲ ಬರಿಯಬೇ," ಎಂದೆ. ಅವ್ವ ಕಟ್ಟಿದ ಗಂಟು ಬಿಚ್ಚಿ, ಗೊಣಗುತ್ತಲೇ ಬರೆದಳು.

ತಂಗಿ ಮಾತ್ರ ಒಪ್ಪಲಿಲ್ಲ. "ನನ್ನ ಮುಂದ ಭಾಗಿಸಿ ತೋರಸು," ಎಂದಳು. ಮೊಬೈಲ್ ತೆಗೆದರೆ ಅದೂ ಬೇಡ, ಕೈಯಿಂದಲೇ ಆಗಬೇಕು. ಯಾವುದರಿಂದಲೂ ಮುರಿಯುವುದಿಲ್ಲ ಎಂದು ತೋರಿಸಲು ಎರಡರಿಂದ ಮುನ್ನೂರ ಹದಿಮೂರರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಬೇಕು; ಒಟ್ಟು ಅರವತ್ತೈದು ಭಾಗಾಕಾರ! ಅವಳ ಪಕ್ಕ ನೆಲದ ಮೇಲೆ ಕುಳಿತು ಶುರು ಮಾಡಿದೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಕಣ್ಣಿಟ್ಟು ಲೆಕ್ಕ ನೋಡಿದ್ದಿಲ್ಲ.

"ಎರಡರಿಂದ?"

"ಒಂದು ಉಳೀತು."

"ಮೂರರಿಂದ?"

"ಒಂದು ಉಳೀತು."

ಐದರಿಂದ ಮೂರು, ಏಳರಿಂದ ಮತ್ತೆ ಒಂದು, ಹನ್ನೊಂದರಿಂದ ಎರಡು. ಹದಿಮೂರರಿಂದ ಭಾಗಿಸಿದಾಗ ಏಳು ಉಳಿಯಿತು. ದೊಡ್ಡ ಶೇಷ ಸಿಕ್ಕಿತೆಂದು ಹುರುಪಿನಿಂದ ಹೇಳಿದೆ. ತಂಗಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು.

"ಏಳ ಬ್ಯಾಡಣ್ಣಾ," ಎಂದಳು. "ನನಗ ಒಂದ ಉಳದ್ರ ಸಾಕು."