ತಳ್ಳುಗಾಡಿಯಲ್ಲಿ ಬಂದ ಬೇಲಿ

ಸ್ವೀಡನ್ನಿನ ಟೋರ್ಸ್‌ಲಾಂಡದಲ್ಲಿದ್ದಾಗ ನನಗೊಂದು ಪುಟ್ಟ ಕೈತೋಟವಿತ್ತು. ಜಾಗ ಕೊಮ್ಯೂನ್‌ನದು, ಅಂದರೆ ಅಲ್ಲಿನ ನಗರಸಭೆಯದು. ಇಪ್ಪತ್ತು ಚಿಲ್ಲರೆ ಮನೆಗಳವರಿಗೆ ಅದನ್ನು ತುಂಡು ತುಂಡಾಗಿ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಕಾಡಿಗೆ ತಾಗಿದ ಗಡಿ. ಗಂಡ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್, ಮಗಳು ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಸ್ವೀಡಿಷ್ ತರಗತಿ, ಮಧ್ಯಾಹ್ನ ಮೆಂತ್ಯ ಸೊಪ್ಪು ಎಂದು ನಾನು ದಿನವನ್ನು ಹಂಚಿಕೊಂಡಿದ್ದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆ ವಸಂತದಲ್ಲಿ ಜಿಂಕೆಗಳು ಬಂದು ಎಲ್ಲರ ಟುಲಿಪ್ ಮೊಗ್ಗುಗಳನ್ನು ತಿಂದವು, ನನ್ನ ಮೆಂತ್ಯವನ್ನೂ ಬಿಡಲಿಲ್ಲ. ತೋಟದವರ ಸಭೆ ಸೇರಿತು. ಬೇಕಿದ್ದರೆ ಗಡಿಗೆ ಬೇಲಿ ನೀವೇ ಕಟ್ಟಿಕೊಳ್ಳಿ ಎಂದು ಕೊಮ್ಯೂನ್ ಕೈತೊಳೆದುಕೊಂಡಿತ್ತು. ನಮ್ಮ ಅಧ್ಯಕ್ಷೆ ನಿವೃತ್ತ ನರ್ಸ್, ಎತ್ತರದ ಹೆಂಗಸು. ಆಕೆ ಸರಸರ ಮಾತಾಡುತ್ತ ನನ್ನ ಕಡೆ ತಿರುಗಿ ಏನೋ ಕೇಳಿದರು. ಅವರ ಕೈಯಲ್ಲಿ ಕಾಫಿ ಫ್ಲಾಸ್ಕ್ ಇತ್ತು. ನಾನು ನಗುತ್ತ “ಯಾ” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಅಧ್ಯಕ್ಷೆ ಕೊಟ್ಟ ಚೀಟಿಯನ್ನು ಗಂಡನಿಗೆ ತೋರಿಸಿದೆ.

“ಕಾಫಿ ಬೇಕಾ ಅಂತ ಕೇಳಿದ್ರು ಅಂದ್ಕೊಂಡ್ಯಾ?” ಅವರಿಗೆ ನಗು ತಡೆಯಲಾಗಲಿಲ್ಲ. “ಬೇಲಿಗೆ ಬೇಕಾದ ಕಂಬ, ತಂತಿ, ಟೂಲ್ಸು, ಎಲ್ಲಾ ಮನೆಮನೆಗೆ ಹೋಗಿ ಕೇಳಿ ಸೇರಿಸೋದು ನಿಂದೇ ಡ್ಯೂಟಿ!”

“ಈಗ ಆಗಲ್ಲ ಅಂತ ಹೇಳಿಬಿಡ್ಲಾ?”

“ಚಪ್ಪಾಳೆ ತಗೊಂಡು ಆಯ್ತಲ್ಲಮ್ಮಾ.”

ಸರಿ, ಹೊರಟೆ. ಮಗಳ ಹಳೆಯ ತಳ್ಳುಗಾಡಿ ನೆಲಮಾಳಿಗೆಯಲ್ಲಿ ಮೂಲೆ ಸೇರಿತ್ತು, ಅದನ್ನು ಎಳೆದು ತಂದೆ. ಮೊದಲ ಮನೆಯಲ್ಲಿ ಬಾಗಿಲು ತೆರೆದವರು ಹಣ್ಣುಹಣ್ಣು ಮುದುಕಿ. ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಒಪ್ಪಿಸಿದೆ. ಅವರ ಮುಖ ಬಾಡಿತು, ಕಣ್ಣು ತುಂಬಿತು. ಸ್ವೀಡಿಷ್‌ನಲ್ಲಿ ಸ್ಟೆಂಗ್ಸೆಲ್ ಅಂದರೆ ಬೇಲಿ, ಸ್ಟೆಂಗರ್ ಅಂದರೆ ಮುಚ್ಚುತ್ತೇವೆ. ತೋಟವನ್ನೇ ಮುಚ್ಚುತ್ತಿದ್ದೇವೆ, ಬೇಡದ್ದೇನಾದರೂ ಇದ್ದರೆ ಕೊಡಿ ಎಂದು ನಾನು ಕೇಳಿದ್ದೆ! ಕೊನೆಗೆ ಚೀಟಿಯ ಹಿಂದೆ ಜಿಂಕೆಯ ಚಿತ್ರ ಬರೆದು ಅದರ ಮುಂದೆ ಗೀಟು ಎಳೆದ ಮೇಲೆ ಅವರಿಗೆ ಜೀವ ಬಂತು. ನನ್ನ ಕೈ ಹಿಡಿದುಕೊಂಡೇ ಶೆಡ್ಡಿಗೆ ಕರೆದೊಯ್ದು ಎರಡು ಸುರುಳಿ ತಂತಿಬಲೆ ಕೊಟ್ಟರು.

ಆಮೇಲೆ ನನಗೆ ರುಚಿ ಹತ್ತಿತು. ಒಬ್ಬರು ಹಸಿರು ಬಣ್ಣದ ಕಂಬಗಳನ್ನು ಕೊಟ್ಟರು, ಇನ್ನೊಬ್ಬರು ಮುರಿದ ಏಣಿಯ ಅರ್ಧ, ಮತ್ತೊಬ್ಬರು ಜಾಮ್ ಬಾಟಲಿಯ ತುಂಬ ಮೊಳೆ. ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಮಗು ನೋಡುವ ಆಸೆಯಿಂದ ತಳ್ಳುಗಾಡಿಯೊಳಗೆ ಬಗ್ಗಿದಳು. ಒಳಗೆ ಕಂಬಳಿ ಹೊದ್ದು ಮಲಗಿದ್ದದ್ದು ಕಲ್ಲೊಡೆಯುವ ಸುತ್ತಿಗೆ. ಆಕೆ ಕಂಬಳಿಯ ಅಂಚು ಸರಿಪಡಿಸಿ, “ಅಪ್ಪನ ಹಾಗೇ ಇದೆಯಾ?” ಎಂದು ಗಂಭೀರವಾಗಿ ಕೇಳಿದಳು. ಆ ದೇಶದವರಿಗೆ ತಮಾಷೆ ಬರುವುದಿಲ್ಲ ಎಂಬ ನನ್ನ ನಂಬಿಕೆ ಅಂದು ಹೋಯಿತು.

ಬೇಲಿ ಕಟ್ಟುವುದು ಶನಿವಾರ ಎಂದು ಗೊತ್ತಾಯಿತು. ಎಲ್ಲ ಸಿಕ್ಕರೂ ಕಂಬಕ್ಕೆ ಗುಂಡಿ ಕೊರೆಯುವ ಸಲಕರಣೆ ಮಾತ್ರ ಸಿಗಲಿಲ್ಲ. ಅದು ಇದ್ದದ್ದು ರಸ್ತೆಯ ಕೊನೆಯ ಮನೆಯ ಮುದುಕರ ಹತ್ತಿರ. ಹಿಂದೆ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು. ಗ್ಯಾರೇಜಿನ ಗೋಡೆಯ ತುಂಬ ಹತಾರಗಳು, ಒಂದೊಂದರ ಸುತ್ತಲೂ ಅದರದೇ ಆಕಾರದ ಗೆರೆ. ಒಂದು ಗೆರೆಯೊಳಗೆ ಮಾತ್ರ ಏನೂ ಇರಲಿಲ್ಲ.

“ಕೊಡುವುದಿಲ್ಲ,” ಎಂದು ಅವರು ಆ ಖಾಲಿ ಜಾಗ ತೋರಿಸಿದರು. “ಅಲ್ಲಿ ಗರಗಸವಿತ್ತು. ನಿಮ್ಮ ಅಧ್ಯಕ್ಷೆ ಒಯ್ದರು. ತುಕ್ಕು ಹಿಡಿಸಿ ತಂದರು.”

ನನಗೆ ಸಿಟ್ಟು ಬರಲಿಲ್ಲ, ಅಪ್ಪನ ನೆನಪು ಬಂತು. ಅಪ್ಪ ಗಂಗೊಳ್ಳಿಯಲ್ಲಿ ದೋಣಿ ಕಟ್ಟುತ್ತಿದ್ದ ಬಡಗಿ. ತನ್ನ ಉಳಿಯನ್ನು ಸ್ವಂತ ತಮ್ಮನಿಗೂ ಮುಟ್ಟಗೊಡುತ್ತಿರಲಿಲ್ಲ. ನನಗೆ ಬರುತ್ತಿದ್ದ ಹರಕು ಸ್ವೀಡಿಷ್‌ನಲ್ಲಿ ಹೇಳಿದೆ: “ನನ್ನ ಅಪ್ಪ ದೋಣಿ ಮಾಡ್ತಾರೆ. ಅವರ ಉಳಿ ಒಂಟಿಯಾಗಿ ಎಲ್ಲೂ ಹೋಗಲ್ಲ. ಉಳಿ ಹೋದ್ರೆ ಅಪ್ಪನೂ ಜೊತೆಗೆ ಹೋಗ್ತಾರೆ.”

ಮುದುಕರು ನನ್ನನ್ನೇ ನೋಡಿದರು. “ಮರದ ದೋಣಿಯಾ?”

“ಮರದ್ದೇ.”

ಗೋಡೆಯ ಕಡೆ ತಿರುಗಿ ನಿಂತರು. ಸಲಕರಣೆಯ ಹಿಡಿಯನ್ನು ಒರೆಸುತ್ತ, “ಶನಿವಾರ ಎಷ್ಟು ಗಂಟೆಗೆ?” ಎಂದರು.

ಮೇ ಕೊನೆಯ ಆ ಶನಿವಾರ ಹದಿನೈದು ಜನ ಸೇರಿದರು. ಗಂಡನ ಜೊತೆ ಬೆಂಗಳೂರಿನ ಸಹೋದ್ಯೋಗಿಯೊಬ್ಬರೂ ಹೊಸ ಬಿಳಿ ಶೂ ಹಾಕಿಕೊಂಡು ಬಂದಿದ್ದರು. “ಆ್ಯಕ್ಚುವಲಿ ನಾನು ಲೈಫಲ್ಲಿ ಒಂದ್ ಗುಂಡೀನೂ ತೋಡಿಲ್ಲ, ಅಕ್ಕ,” ಎಂದರು. ಸಂಜೆಯ ಹೊತ್ತಿಗೆ ಒಂಬತ್ತು ತೋಡಿದ್ದರು. ಕೆಳಗೆ ಜೇಡಿಮಣ್ಣು, ಅದರ ಕೆಳಗೆ ಬಂಡೆ. ಮುದುಕರು ತಮ್ಮ ಸಲಕರಣೆಯ ಪಕ್ಕದಿಂದ ಕದಲದೆ, ಯಾರು ಹಿಡಿ ತಿರುಗಿಸಿದರೂ ಅವರ ಮೊಣಕೈ ಸರಿಪಡಿಸುತ್ತಿದ್ದರು. ಜಿಂಕೆ ಉಳಿಸಿದ್ದ ಮೆಂತ್ಯವನ್ನು ಬೇಲಿ ಕಟ್ಟುವವರೇ ತುಳಿದು ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ಸ್ವೀಡಿಷ್‌ನಲ್ಲಿ ಹೇಳಲು ಬರಲಿಲ್ಲವಲ್ಲ ಎಂದೇ ಆ ದಿನ ನನಗಿದ್ದ ಬೇಸರ.

ಫೀಕಾ ಎಂಬ ಕಾಫಿ ವಿರಾಮದ ಹೊತ್ತಿಗೆ ನಾನು ತಂದಿದ್ದ ಗೋಳಿಬಜೆ ತೆಗೆದೆ. ಅಧ್ಯಕ್ಷೆ ಒಂದು ತಟ್ಟೆ ಹಿಡಿದು ನೇರ ಮುದುಕರ ಮುಂದೆ ಹೋಗಿ ನಿಂತರು. ಬೆಳಗಿನಿಂದ ಇಬ್ಬರೂ ಮಾತಾಡಿರಲಿಲ್ಲ.

“ಆ ಗರಗಸ ಮಳೆಯಲ್ಲಿ ಬಿಟ್ಟದ್ದು ನಾನೇ,” ಎಂದರು. “ನಾಚಿಕೆಯಾಗಿ ನಿಮ್ಮ ರಸ್ತೆಗೇ ಬರುವುದು ಬಿಟ್ಟೆ.”

ಮುದುಕರು ಒಂದು ಗೋಳಿಬಜೆ ತಿಂದರು, ಇನ್ನೊಂದು ತೆಗೆದುಕೊಂಡರು. “ಒಳ್ಳೆಯ ಗರಗಸ ಅದು,” ಎಂದರು. ಆಮೇಲೆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಆಕೆಗೆ ಜಾಗ ಮಾಡಿಕೊಟ್ಟರು. ತೆಂಗಿನ ಚಟ್ನಿಯ ಡಬ್ಬಿ ಇಬ್ಬರ ನಡುವೆ ಕುಳಿತು ಅಲ್ಲೇ ಖಾಲಿಯಾಯಿತು.

ಬೇಲಿ ನೋಡಲು ಚೆನ್ನಾಗಿರಲಿಲ್ಲ. ಒಂದು ಕಂಬ ಹಸಿರು, ಒಂದು ಬಿಳಿ, ಒಂದು ಕಡೆ ಏಣಿ. ಮುದುಕರು ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಕಂಬವನ್ನೂ ಅಲ್ಲಾಡಿಸಿ ನೋಡಿ, ಎರಡನ್ನು ಕೀಳಿಸಿ ಮತ್ತೆ ನೆಡಿಸಿದರು. ಯಾರೂ ಗೊಣಗಲಿಲ್ಲ.

ಮರುದಿನ ಬೆಳಿಗ್ಗೆ ಹೋದಾಗ ಬೇಲಿಯ ಹೊರಗೆ, ಹಸಿ ಮಣ್ಣಿನಲ್ಲಿ, ಉದ್ದಕ್ಕೂ ಗೊರಸಿನ ಗುರುತುಗಳಿದ್ದವು. ಮೂಲೆಯವರೆಗೂ ಬಂದು ಕಾಡಿನ ಕಡೆ ತಿರುಗಿದ್ದವು. ನಾನು ಮೊಣಕಾಲೂರಿ ಕೂತು ಮತ್ತೊಮ್ಮೆ ಮೆಂತ್ಯ ಬಿತ್ತಿದೆ.